ಬಾಗಿಲು ಇರುವುದೆಲ್ಲಿ?

ಒಂದು ದೇಶದೊಳಕ್ಕೆ ಕಾಲಿಡುವ ಬಾಗಿಲು ಆ ದೇಶದ ಗಡಿಯಲ್ಲಿಯೇ ಇರುತ್ತದೆಂದು ನಾವೆಲ್ಲರೂ ಸಹಜವಾಗಿ ನಂಬಿದ್ದೇವೆ. ಭೂಪಟದ ಮೇಲೆ ಎಳೆದ ಒಂದು ಗೆರೆ, ಗೆರೆಯ ಬಳಿ ಒಂದು ಠಾಣೆ, ಠಾಣೆಯಲ್ಲಿ ಸಮವಸ್ತ್ರ ತೊಟ್ಟ ಅಧಿಕಾರಿ, ಅವನ ಕೈಯಲ್ಲಿ ಒಂದು ಮುದ್ರೆ: ಗಡಿ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವ ಚಿತ್ರ ಇದು. ದೊಡ್ಡ ದೇಶಗಳ ಮಟ್ಟಿಗೆ ಈ ಚಿತ್ರ ಅಷ್ಟಿಷ್ಟು ನಿಜವೂ ಆಗಿರಬಹುದು. ಆದರೆ ಅತಿ ಸಣ್ಣ ದೇಶಗಳ ಸಂಗತಿ ಬೇರೆ. ಅವುಗಳ ಬಾಗಿಲು ಅನೇಕ ವೇಳೆ ಅವುಗಳ ಹೊಸ್ತಿಲಲ್ಲಿ ಇರುವುದೇ ಇಲ್ಲ. ಬರುವವನು ಯಾರು, ಏತಕ್ಕಾಗಿ ಬರುತ್ತಿದ್ದಾನೆ ಎಂಬುದನ್ನು ಅನುಸರಿಸಿ ಅದು ಸ್ಥಳ ಬದಲಾಯಿಸುತ್ತದೆ. ಮನೆಗೊಬ್ಬರಂತೆ ಮಕ್ಕಳನ್ನು ಪರಸ್ಥಳಗಳಿಗೆ ಕಳುಹಿಸಿ ಬಾಳುವ ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕಡೆಯವರಿಗೆ ಇದು ಬರಿಯ ತರ್ಕದ ಮಾತಲ್ಲ. ನಮ್ಮ ಮಕ್ಕಳು ಎಲ್ಲಿ ತಡೆಯಲ್ಪಡುತ್ತಾರೆ, ಎಲ್ಲಿ ಮೋಸ ಹೋಗುತ್ತಾರೆ ಎಂಬುದು ಈ ಬಾಗಿಲಿನ ಸ್ಥಾನವನ್ನು ಅವಲಂಬಿಸಿದೆ.

ಬಹರೈನ್ ರಾಜ್ಯವನ್ನು ಉದಾಹರಣೆಗಾಗಿ ತೆಗೆದುಕೊಳ್ಳೋಣ. ಕೊಲ್ಲಿಯ ನೀರಿನ ನಡುವೆ ಚೆದರಿದ ಕೆಲವು ದ್ವೀಪಗಳ ದೇಶ ಅದು. ಅರಬ್ ರಾಷ್ಟ್ರಗಳಲ್ಲೆಲ್ಲ ಅತಿ ಚಿಕ್ಕದು. ಅದರ ಒಟ್ಟು ವಿಸ್ತೀರ್ಣ ೮೦೦ ಚದರ ಕಿಲೋಮೀಟರಿಗಿಂತಲೂ ಕಡಿಮೆ. ನಮ್ಮ ಉಡುಪಿ ಜಿಲ್ಲೆಯೇ ಮೂರೂವರೆ ಸಾವಿರ ಚದರ ಕಿಲೋಮೀಟರನ್ನು ಮೀರುತ್ತದೆ. ಆದರೆ ಜನಸಂಖ್ಯೆಯನ್ನು ನೋಡಿದರೆ ಲೆಕ್ಕ ತಲೆಕೆಳಗಾಗುತ್ತದೆ. ೨೦೧೧ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯ ಜನಸಂಖ್ಯೆ ೧೧ ಲಕ್ಷ ೭೭ ಸಾವಿರ; ಬಹರೈನಿನ ೨೦೨೦ರ ಗಣತಿಯಲ್ಲಿ ಅಲ್ಲಿದ್ದವರು ಸುಮಾರು ೧೫ ಲಕ್ಷ. ಇವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆ ದೇಶದ ಪ್ರಜೆಗಳಲ್ಲ, ಹೊರಗಿನಿಂದ ಬಂದವರು. ತನ್ನ ಮನೆಯಲ್ಲಿ ತಾನೇ ಅಲ್ಪಸಂಖ್ಯಾತನಾದ ಯಜಮಾನನಂತೆ ಇರುವ ಈ ಪುಟ್ಟ ದೇಶ ಯಾರನ್ನು ಹೇಗೆ ಒಳಗೆ ಬಿಟ್ಟುಕೊಳ್ಳುತ್ತದೆ?

ಇಬ್ಬರು ಪ್ರಯಾಣಿಕರನ್ನು ಕಲ್ಪಿಸಿಕೊಳ್ಳಿರಿ. ಒಬ್ಬನು ಐರ್ಲೆಂಡಿನವನು, ಇನ್ನೊಬ್ಬನು ಬೈಂದೂರಿನವನು. ಇಬ್ಬರೂ ಒಂದೇ ದಿನ ಮುಹರ್ರಕ್ ದ್ವೀಪದ ವಿಮಾನನಿಲ್ದಾಣದಲ್ಲಿ ಇಳಿಯುತ್ತಾರೆ. ಐರ್ಲೆಂಡಿನವನು ಹೊರಡುವ ಮುನ್ನ ಗಣಕಯಂತ್ರದ ಮೂಲಕ ವೀಸಾ ಪಡೆದಿರಬಹುದು, ಇಲ್ಲವೆ ನಿಲ್ದಾಣದಲ್ಲಿಯೇ ಶುಲ್ಕ ತೆತ್ತು ಪಡೆಯಬಹುದು. ಊರ್ಜಿತದಲ್ಲಿರುವ ಪಾಸ್‌ಪೋರ್ಟು, ಮರಳುವ ಟಿಕೆಟ್ಟು, ತಂಗುವ ಸ್ಥಳದ ವಿವರ, ಕೈಯಲ್ಲಿ ಖರ್ಚಿನ ಹಣ ಇಷ್ಟಿದ್ದರೆ ಸಾಮಾನ್ಯವಾಗಿ ಅವನ ಕೆಲಸ ಮುಗಿಯಿತು. ಬೈಂದೂರಿನವನೂ ಪ್ರವಾಸಿಯಾಗಿ ಹೋಗುವುದಾದರೆ ಇಂದು ಅವನ ಸ್ಥಿತಿ ಬಹಳ ಭಿನ್ನವಾಗಿಲ್ಲ. ಭಾರತೀಯರಿಗೂ ಮನೆಯಲ್ಲಿ ಕುಳಿತೇ ಬಹರೈನಿನ ವೀಸಾಕ್ಕೆ ಅರ್ಜಿ ಹಾಕುವ ಸೌಕರ್ಯವಿದೆ. ನಿಯಮಗಳು ಆಗಾಗ ಬದಲಾಗುತ್ತವೆ. ಹೊರಡುವವನು ಆ ಸರಕಾರದ ಅಧಿಕೃತ ಪ್ರಕಟಣೆಯನ್ನು ನೋಡಿಕೊಂಡೇ ಹೊರಡಬೇಕು. ಆದರೂ ಒಂದು ಮಾತು ಸ್ಪಷ್ಟ. ಹಣ ಖರ್ಚು ಮಾಡಲು ಬರುವವನಿಗೆ ಸಣ್ಣ ದೇಶದ ಬಾಗಿಲು ವಿಶಾಲವಾಗಿಯೇ ತೆರೆದಿದೆ. ಅವನ ಬಣ್ಣ, ಊರುಗಳು ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಹಣ ಸಂಪಾದಿಸಲು ಬರುವವನ ವಿಷಯ ಬಂದಾಗಲೇ ಬಾಗಿಲು ಅಲ್ಲಿಂದ ಎದ್ದು ಬೇರೆಡೆಗೆ ಹೋಗುತ್ತದೆ. ಎಲ್ಲಿಗೆ ಹೋಗುತ್ತದೆಂಬುದೇ ಇಲ್ಲಿಯ ಪ್ರಶ್ನೆ.

ಬಾಗಿಲು ಹೀಗೆ ಜಾಗ ಬದಲಿಸುವುದು ಹೊಸ ಸಂಗತಿಯೇನಲ್ಲ. ನಮ್ಮ ಬಸರೂರಿನ ಚರಿತ್ರೆಯೇ ಇದಕ್ಕೆ ಸಾಕ್ಷಿ. ಇಂದು ವಾರಾಹಿ ನದಿಯ ದಡದಲ್ಲಿ ಸದ್ದಿಲ್ಲದೆ ಮಲಗಿರುವ ಆ ಊರು ಹದಿನಾರನೆಯ ಶತಮಾನದಲ್ಲಿ ಹೆಸರಾಂತ ಬಂದರು. ಅಲ್ಲಿಂದ ಅಕ್ಕಿ ಗೋವೆಗೆ ಮಾತ್ರವಲ್ಲ, ಕೊಲ್ಲಿಯ ಬಾಯಲ್ಲಿರುವ ಹೊರ್ಮುಜಿಗೂ ಹೋಗುತ್ತಿತ್ತು. ಹೊರ್ಮುಜಿನ ದೊರೆ ಬೇರೆ, ಬಸರೂರಿನ ದೊರೆ ಬೇರೆ. ವ್ಯಾಪಾರ ಮಾತ್ರ ಅವರಿಬ್ಬರ ಪ್ರಜೆಗಳ ನಡುವಿನದು. ಆದರೆ ಈ ಇಬ್ಬರ ನಡುವಿನ ಕಡಲಿನ ಮೇಲೆ ಮೂರನೆಯವರೊಬ್ಬರು ಅಧಿಕಾರ ಸಾರಿದರು. ಪೋರ್ತುಗೀಜರು ತಾವು ಕೊಟ್ಟ ಪರವಾನೆಯಿಲ್ಲದೆ ಯಾವ ಹಡಗೂ ಸಾಗಕೂಡದೆಂದು ವಿಧಿಸಿದರು. ಆ ಪರವಾನೆಗೆ ಕಾರ್ತಾಜ್ ಎಂದು ಹೆಸರು. ಕಾಗದವೆಂಬ ಅರ್ಥದ ಅರಬ್ಬಿ ಶಬ್ದದಿಂದ ಬಂದ ಮಾತು ಅದು. ಹಡಗಿನ ಹೆಸರು, ನಾಖುದನ ಹೆಸರು, ಸರಕು, ಆಯುಧಗಳು, ಹೋಗುವ ಊರು ಇವೆಲ್ಲ ಅದರಲ್ಲಿ ನಮೂದಾಗುತ್ತಿದ್ದವು. ಮೆಣಸಿನಂತಹ ಸರಕನ್ನು ಒಯ್ಯಕೂಡದು, ಪೋರ್ತುಗೀಜರ ಕೋಟೆಯಲ್ಲಿ ಸುಂಕ ತೆತ್ತು ಹೋಗತಕ್ಕದ್ದು ಎಂಬ ಕಟ್ಟಳೆಗಳೂ ಇದ್ದವು. ಕಾಗದವಿಲ್ಲದ ಹಡಗು ಸಿಕ್ಕರೆ ಸರಕು ಸೂರೆ, ಹಡಗು ವಶ.

ಕಾರ್ತಾಜಿನ ಬೆಲೆ ಅಲ್ಪ. ಅದರ ಅರ್ಥ ಮಾತ್ರ ದೊಡ್ಡದು. ಬಸರೂರಿನ ವರ್ತಕನು ಹೊರ್ಮುಜಿಗೆ ಹೋಗಬೇಕಾದರೆ ಅವನು ದಾಟಬೇಕಾದ ಬಾಗಿಲು ಹೊರ್ಮುಜಿನಲ್ಲಿರಲಿಲ್ಲ, ಪೋರ್ತುಗೀಜರ ಕೋಟೆಯಲ್ಲಿತ್ತು. ೧೫೬೯ರ ಹೊತ್ತಿಗೆ ಅವರು ಬಸರೂರಿನಲ್ಲಿಯೇ ಕೋಟೆ ಕಟ್ಟಿದ ಮೇಲೆ ಆ ಬಾಗಿಲು ವರ್ತಕನ ಮನೆಯಂಗಳಕ್ಕೇ ಬಂದಂತಾಯಿತು. ಇದೇ ಪೋರ್ತುಗೀಜರು ೧೫೨೧ರಲ್ಲಿ ಬಹರೈನನ್ನೂ ಗೆದ್ದು, ೧೬೦೨ರಲ್ಲಿ ಪರ್ಶಿಯನ್ನರಿಗೆ ಬಿಟ್ಟುಕೊಡುವ ತನಕ ಅಲ್ಲಿ ನಿಂತಿದ್ದರು. ಅವರ ಕೋಟೆ ಇಂದಿಗೂ ಅಲ್ಲಿ ಉಳಿದಿದೆ. ಹದಿನೇಳನೆಯ ಶತಮಾನದ ಮಧ್ಯದಲ್ಲಿ ಕೆಳದಿಯ ಶಿವಪ್ಪನಾಯಕನು ನಮ್ಮ ಕರಾವಳಿಯ ಕೋಟೆಗಳನ್ನು ಅವರಿಂದ ಕಿತ್ತುಕೊಂಡನು. ಹೀಗೆ ಬಸರೂರೂ ಬಹರೈನೂ ಒಂದು ಕಾಲದಲ್ಲಿ ಒಂದೇ ಕೈಯ ಕೀಲಿಗೆ ಒಳಗಾಗಿದ್ದುವೆಂಬುದನ್ನು ನಮ್ಮ ವಿದ್ಯಾರ್ಥಿಗಳು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಎರಡನೆಯ ಸಾಕ್ಷಿ ಬ್ರಿಟಿಷರ ಕಾಲದ್ದು. ಆಗ ಬಹರೈನ್ ಬ್ರಿಟಿಷರ ರಕ್ಷಣೆಗೊಳಪಟ್ಟ ಒಂದು ಅರಸೊತ್ತಿಗೆ. ಹೆಸರಿಗೆ ಅದು ಹೊರದೇಶ. ವ್ಯವಹಾರದಲ್ಲಿ ಭಾರತದ ಒಂದು ಅಂಚಿನಂತೆ ಇತ್ತು. ೧೮೮೪ರಿಂದ ಅಲ್ಲಿ ಭಾರತದ ಅಂಚೆಕಚೇರಿ ನಡೆಯುತ್ತಿತ್ತು. ೧೯೩೩ರಲ್ಲಿ ಭಾರತದ ಅಂಚೆಚೀಟಿಗಳ ಮೇಲೆಯೇ ಬಹರೈನ್ ಎಂದು ಅಚ್ಚೊತ್ತಿ ಬಳಕೆಗೆ ತಂದರು. ಅಲ್ಲಿಯ ಮುತ್ತು ಮುಂಬಯಿಯ ಪೇಟೆಗೆ ಬರುತ್ತಿತ್ತು. ಪೇಟೆಯಲ್ಲಿ ಓಡಾಡುತ್ತಿದ್ದ ನಾಣ್ಯ ನಮ್ಮ ರೂಪಾಯಿ. ಭಾರತ ಸ್ವತಂತ್ರವಾದ ಮೇಲೂ ಈ ರೂಪಾಯಿ ಅಲ್ಲಿ ನಡೆಯಿತು. ೧೯೫೯ರಲ್ಲಿ ನಮ್ಮ ರಿಸರ್ವ್ ಬ್ಯಾಂಕು ಕೊಲ್ಲಿಯ ರಾಜ್ಯಗಳಿಗೆಂದೇ ಬೇರೆ ಬಣ್ಣದ ನೋಟುಗಳನ್ನು ಹೊರಡಿಸಿತು. ೧೯೬೫ರಲ್ಲಿ ಬಹರೈನ್ ತನ್ನ ದೀನಾರನ್ನು ಚಲಾವಣೆಗೆ ತಂದ ಬಳಿಕವೇ ರೂಪಾಯಿಯ ಕಾಲ ಅಲ್ಲಿ ಮುಗಿಯಿತು. ಕೊನೆಗೆ ೧೯೭೧ರ ಆಗಸ್ಟ್ ೧೫ರಂದು ಬಹರೈನ್ ಪೂರ್ಣ ಸ್ವತಂತ್ರ ರಾಷ್ಟ್ರವಾಯಿತು. ನಮ್ಮ ಸ್ವಾತಂತ್ರ್ಯದ ದಿನವೂ ಅದೇ ಆಗಿರುವುದು ಒಂದು ಆಕಸ್ಮಿಕ.

ಪಾಸ್‌ಪೋರ್ಟೆಂಬ ಪುಸ್ತಕವೂ ನಾವು ತಿಳಿದಷ್ಟು ಹಳೆಯದಲ್ಲ. ರಹದಾರಿ ಪತ್ರಗಳು ಹಿಂದೆಯೂ ಇದ್ದುವು ನಿಜ. ಆದರೆ ಪ್ರತಿಯೊಬ್ಬ ಪ್ರಯಾಣಿಕನೂ ಅದನ್ನು ಹೊಂದಿರಲೇಬೇಕೆಂಬ ಈಗಿನ ಕಟ್ಟುಪಾಡು ಮೊದಲನೆಯ ಮಹಾಯುದ್ಧದ ಕೂಸು. ಭಾರತದೊಳಗೆ ಬರಲು ಪಾಸ್‌ಪೋರ್ಟು ಬೇಕೆಂಬ ಕಾನೂನು ಬಂದದ್ದು ೧೯೨೦ರಲ್ಲಿ. ಅದೇ ವರ್ಷ ಪ್ಯಾರಿಸಿನಲ್ಲಿ ರಾಷ್ಟ್ರಸಂಘದ ಪರಿಷತ್ತು ಸೇರಿ ಪಾಸ್‌ಪೋರ್ಟಿನ ಆಕಾರವನ್ನು ಗೊತ್ತುಪಡಿಸಿತು. ಯುದ್ಧದ ಬಿಸಿ ಆರಿದ ಬಳಿಕ ಈ ತೊಡಕುಗಳು ಹೋಗುತ್ತವೆಂಬ ಆಶೆ ಆಗ ಹಲವರಿಗಿತ್ತು. ಯುದ್ಧ ಮುಗಿದು ನೂರು ವರ್ಷ ಕಳೆದರೂ ತೊಡಕು ಮಾತ್ರ ಬೆಳೆಯುತ್ತಲೇ ಬಂದಿದೆ.

ಇನ್ನು ಐರ್ಲೆಂಡಿನವನ ಮಾತಿಗೆ ಬರೋಣ. ಅವನನ್ನು ಇಲ್ಲಿ ಬೈಂದೂರಿನವನ ಪಕ್ಕದಲ್ಲಿ ನಿಲ್ಲಿಸಿದ್ದು ಅಸೂಯೆಯಿಂದಲ್ಲ. ಐರ್ಲೆಂಡೂ ನಮ್ಮಂತೆಯೇ ಪರರ ಆಳ್ವಿಕೆಯಲ್ಲಿ ನವೆದ ದೇಶ. ೧೮೪೫ರಿಂದ ಅಲ್ಲಿ ಬಿದ್ದ ಆಲೂಗಡ್ಡೆಯ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ಊರು ಬಿಟ್ಟರು. ಐರಿಷ್ ಸರಕಾರ ತನ್ನ ಮೊದಲ ಪಾಸ್‌ಪೋರ್ಟನ್ನು ೧೯೨೪ರಲ್ಲಿ ಕೊಟ್ಟಾಗ ಅದರಲ್ಲಿ ಪ್ರಜೆಯನ್ನು ಏನೆಂದು ಕರೆಯಬೇಕೆಂಬುದಕ್ಕೇ ಬ್ರಿಟನ್ನಿನೊಂದಿಗೆ ಜಗಳವಾಯಿತು. ೧೯೮೦ರ ದಶಕದಲ್ಲಿಯೂ ಕೆಲಸವಿಲ್ಲದ ಸಾವಿರಾರು ಐರಿಷ್ ತರುಣರು ಪ್ರವಾಸಿಗಳ ವೀಸಾ ಹಿಡಿದು ನ್ಯೂಯಾರ್ಕು, ಬಾಸ್ಟನ್ನುಗಳಿಗೆ ಹೋಗಿ, ಅವಧಿ ಮೀರಿದ ಮೇಲೂ ಅಲ್ಲಿಯೇ ಉಳಿದು, ಕಟ್ಟಡದ ಕೆಲಸಗಳಲ್ಲಿಯೂ ಮನೆಗೆಲಸಗಳಲ್ಲಿಯೂ ತಲೆ ಮರೆಸಿಕೊಂಡು ದುಡಿದರು. ಅಮೆರಿಕದಲ್ಲಿ ನೆಲೆಸಿ ಪ್ರಬಲರಾಗಿದ್ದ ಐರಿಷ್ ಮೂಲದವರ ಒತ್ತಾಯದ ಫಲವಾಗಿ ೧೯೯೦ರ ಕಾನೂನಿನಲ್ಲಿ ಅವರಿಗಾಗಿ ಮೂರು ವರ್ಷಗಳಲ್ಲಿ ಸುಮಾರು ೪೮ ಸಾವಿರ ವೀಸಾಗಳು ಮೀಸಲಾದವು. ಮುಂದೆ ಐರ್ಲೆಂಡಿನಲ್ಲಿಯೇ ಕೆಲಸಗಳು ಹುಟ್ಟಿದುವು. ೧೯೭೩ರಲ್ಲಿ ಸೇರಿದ್ದ ಯುರೋಪಿನ ಕೂಟದ ಬಲವೂ ಜೊತೆಗೂಡಿತು. ಇಂದು ಐರಿಷ್ ಪಾಸ್‌ಪೋರ್ಟು ಜಗತ್ತಿನ ಬಹುಪಾಲು ದೇಶಗಳಿಗೆ ಮುಂಗಡ ವೀಸಾ ಇಲ್ಲದೆಯೇ ಒಯ್ಯುತ್ತದೆ.

ಇದರಿಂದ ತಿಳಿಯಬೇಕಾದುದೇನು? ಪಾಸ್‌ಪೋರ್ಟಿನ ಬಲವೆಂಬುದು ಜನಾಂಗದ ಹಿರಿಮೆಯಲ್ಲ. ಅದನ್ನು ಹಿಡಿದು ಬಂದವನು ಹಿಂದಿರುಗಿ ಹೋಗುವನೆಂಬ ನಂಬಿಕೆ ಎದುರಿನವನಿಗೆ ಎಷ್ಟಿದೆ ಎಂಬುದರ ಅಳತೆ ಮಾತ್ರ. ಊರಿನಲ್ಲಿ ಅನ್ನವಿದ್ದವನು ಹಿಂದಿರುಗುತ್ತಾನೆ. ಇಲ್ಲದವನು ಉಳಿಯಲು ನೋಡುತ್ತಾನೆ. ಲೋಕದ ವೀಸಾ ಕಚೇರಿಗಳೆಲ್ಲ ಕೇಳುವ ಹತ್ತಾರು ಪ್ರಶ್ನೆಗಳ ಹಿಂದೆ ಇರುವುದು ಇದೊಂದೇ ಸಂದೇಹ. ಐರ್ಲೆಂಡು ಈ ಸಂದೇಹವನ್ನು ದಾಟಿ ಬಂದದ್ದು ಈಗ ಒಂದು ತಲೆಮಾರಿನ ಹಿಂದೆ. ಆದುದರಿಂದ ನಮ್ಮ ಸ್ಥಿತಿಯೂ ಶಾಶ್ವತವಾದುದೆಂದು ತಿಳಿಯಬೇಕಾಗಿಲ್ಲ.

ಬಾಗಿಲು ದೇಶದಲ್ಲಿಲ್ಲ ಎಂಬುದಕ್ಕೆ ಇನ್ನೂ ಸರಳವಾದ ಉದಾಹರಣೆ ವ್ಯಾಟಿಕನ್. ಲೋಕದಲ್ಲೇ ಅತ್ಯಂತ ಸಣ್ಣದಾದ ಈ ಸ್ವತಂತ್ರ ರಾಷ್ಟ್ರದ ವಿಸ್ತಾರ ೪೪ ಹೆಕ್ಟೇರು. ನಮ್ಮ ಲೆಕ್ಕದಲ್ಲಿ ನೂರಹತ್ತು ಎಕರೆಯೂ ಆಗದು. ಬ್ರಹ್ಮಾವರದ ಕಡೆಯ ಕ್ರೈಸ್ತ ಕುಟುಂಬವೊಂದು ಅಲ್ಲಿಗೆ ಯಾತ್ರೆ ಹೋಗಬಯಸಿದರೆ ವ್ಯಾಟಿಕನ್ನಿನ ವೀಸಾವನ್ನು ಹುಡುಕಿ ಪ್ರಯೋಜನವಿಲ್ಲ. ಸಂದರ್ಶಕರಿಗೆ ಅಂತಹ ವೀಸಾವೇ ಇಲ್ಲ. ಸುತ್ತಲೂ ಇಟಲಿ, ಇಟಲಿಯನ್ನು ದಾಟದೆ ಅಲ್ಲಿಗೆ ದಾರಿಯಿಲ್ಲ. ಆದ್ದರಿಂದ ಬೇಕಾದುದು ಇಟಲಿಯ ಮೂಲಕ ದೊರೆಯುವ ಷೆಂಗೆನ್ ವೀಸಾ. ಅದಕ್ಕಾಗಿ ಬ್ಯಾಂಕಿನ ಲೆಕ್ಕಪತ್ರ, ಉದ್ಯೋಗದ ಪ್ರಮಾಣಪತ್ರ, ೩೦ ಸಾವಿರ ಯೂರೋಗಳ ವೈದ್ಯಕೀಯ ವಿಮೆ, ಬೆರಳಚ್ಚು, ೨೦೨೪ರ ಜೂನ್ ತಿಂಗಳಲ್ಲಿ ೯೦ ಯೂರೋಗಳಿಗೆ ಏರಿದ ಶುಲ್ಕ ಇವೆಲ್ಲ ಬೇಕು. ಐರ್ಲೆಂಡಿನವನಾದರೋ ಅಂಗೈಯಗಲದ ಪಾಸ್‌ಪೋರ್ಟು ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು ರೋಮಿಗೆ ಹೋಗಿ, ಸಂತ ಪೇತ್ರನ ಚೌಕದೊಳಕ್ಕೆ ನಡೆದುಹೋಗಬಹುದು. ಆ ಚೌಕದ ಅಂಚಿನಲ್ಲಿ ಇಬ್ಬರಿಗೂ ಯಾರೂ ಕಾಗದ ಕೇಳುವುದಿಲ್ಲ. ಕೇಳುವ ಕೆಲಸ ಸಾವಿರಾರು ಮೈಲಿಗಳಾಚೆ ಎಂದೋ ಮುಗಿದುಹೋಗಿರುತ್ತದೆ.

ಯಾತ್ರಿಕನ ಮಾತು ಇಷ್ಟಾಯಿತು. ಬಹರೈನಿಗೆ ದುಡಿಯಲು ಹೋಗುವವನ ಮಾತು ಇದಕ್ಕಿಂತ ಗಂಭೀರ. ಅವನ ವೀಸಾವನ್ನು ಅವನು ಕೇಳುವುದಿಲ್ಲ. ಅಲ್ಲಿಯ ಧಣಿ ಕೇಳುತ್ತಾನೆ. ಒಡೆಯನ ಹೆಸರಿನೊಂದಿಗೆ ಆಳಿನ ಹೆಸರನ್ನು ಕಟ್ಟುವ ಈ ಪದ್ಧತಿಗೆ ಕೊಲ್ಲಿಯ ದೇಶಗಳಲ್ಲಿ ಕಫಾಲಾ ಎಂದು ಹೆಸರು. ಹೊಣೆ ಹೊರುವವನು ಕಫೀಲ. ಪ್ರಜೆಗಳಿಗಿಂತ ಪರಕೀಯರೇ ಹೆಚ್ಚಾದ ಪುಟ್ಟ ದೇಶದಲ್ಲಿ ಪ್ರತಿಯೊಬ್ಬ ಪರಕೀಯನ ಮೇಲೂ ಕಣ್ಣಿಡಲು ಸರಕಾರಕ್ಕೆ ಸಾಧ್ಯವಿಲ್ಲ. ಆ ಕೆಲಸವನ್ನು ಅದು ಧಣಿಗಳಿಗೆ ಹಂಚಿಕೊಟ್ಟಿತು. ಗಡಿಯ ಅಧಿಕಾರದ ಒಂದು ತುಣುಕು ಹೀಗೆ ಅಂಗಡಿಯ ಯಜಮಾನನ ಕೈಗೂ ಗುತ್ತಿಗೆದಾರನ ಕೈಗೂ ಬಂತು. ಕೆಲಸ ಬಿಟ್ಟರೆ ವಾಸದ ಹಕ್ಕೂ ಹೋಯಿತು. ಇದರಿಂದಾದ ಅನ್ಯಾಯಗಳನ್ನು ಬಹರೈನ್ ಕಾಣದೆ ಇರಲಿಲ್ಲ. ೨೦೦೬ರಲ್ಲಿ ಕಾನೂನು ಮಾಡಿ ಕಾರ್ಮಿಕ ಮಾರುಕಟ್ಟೆಯ ನಿಯಂತ್ರಣಕ್ಕೆ ಬೇರೆಯೇ ಒಂದು ಪ್ರಾಧಿಕಾರವನ್ನು ಸ್ಥಾಪಿಸಿತು. ಧಣಿಯ ಒಪ್ಪಿಗೆಯಿಲ್ಲದೆಯೂ ಕಾರ್ಮಿಕನು ಕೆಲಸ ಬದಲಿಸಬಹುದೆಂದು ೨೦೦೯ರಲ್ಲಿ ಸಾರಿತು. ಕೊಲ್ಲಿಯಲ್ಲಿ ಇಂತಹ ಹೆಜ್ಜೆ ಇಟ್ಟ ಮೊದಲ ದೇಶವೆಂಬ ಕೀರ್ತಿ ಅದರದು. ಆದರೆ ಎರಡು ವರ್ಷಗಳಲ್ಲಿಯೇ, ಮೊದಲ ಧಣಿಯ ಬಳಿ ಒಂದು ವರ್ಷವಾದರೂ ದುಡಿದಿರಬೇಕೆಂಬ ಕಟ್ಟಳೆ ಮರಳಿ ಬಂತು. ಬಾಗಿಲು ತೆರೆಯುವುದೂ ಅರೆ ಮುಚ್ಚುವುದೂ ಹೀಗೆ ನಡೆದೇ ಇದೆ.

ಅತ್ತ ಧಣಿ ಒಂದು ಬಾಗಿಲನ್ನು ಹಿಡಿದಿದ್ದರೆ ಇತ್ತ ನಮ್ಮ ಸರಕಾರ ಇನ್ನೊಂದನ್ನು ಹಿಡಿದಿದೆ. ೧೯೮೩ರ ವಲಸೆ ಕಾಯಿದೆಯ ಮೇರೆಗೆ, ಕೆಲವು ಗೊತ್ತಾದ ದೇಶಗಳಿಗೆ ದುಡಿಯಲು ಹೋಗುವ ಕೆಲವು ವರ್ಗದ ಜನ ವಲಸೆ ರಕ್ಷಣಾಧಿಕಾರಿಯ ಅನುಮತಿಯಿಲ್ಲದೆ ಹೋಗಕೂಡದು. ಇಂತಹ ದೇಶಗಳ ಪಟ್ಟಿಯಲ್ಲಿ ಬಹರೈನ್, ಕುವೈತ್, ಕತಾರ್, ಓಮಾನ್, ಸೌದಿ ಅರೇಬಿಯ, ಸಂಯುಕ್ತ ಅರಬ್ ಎಮಿರೇಟುಗಳು ಎಲ್ಲವೂ ಇವೆ. ಅನುಮತಿ ಬೇಕಾದವರ ಪಾಸ್‌ಪೋರ್ಟಿನಲ್ಲಿ ಇ.ಸಿ.ಆರ್. ಎಂಬ ಮೂರಕ್ಷರಗಳು ಅಚ್ಚಾಗಿರುತ್ತವೆ. ವಲಸೆಯ ಪರೀಕ್ಷೆ ಆವಶ್ಯಕ ಎಂಬುದು ಅವುಗಳ ತಾತ್ಪರ್ಯ. ಯಾರಿಗೆ ಈ ಅಕ್ಷರಗಳು ಬೇಡ? ಆದಾಯ ತೆರಿಗೆ ಕೊಡುವವರಿಗೆ, ಐವತ್ತು ವರ್ಷ ಮೀರಿದವರಿಗೆ, ಮೂರು ವರ್ಷಕ್ಕಿಂತ ಹೆಚ್ಚು ಕಾಲ ವಿದೇಶದಲ್ಲಿದ್ದು ಬಂದವರಿಗೆ ಮತ್ತು, ಎಲ್ಲಕ್ಕಿಂತ ಮುಖ್ಯವಾಗಿ, ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾದವರಿಗೆ.

ಈ ಕೊನೆಯ ಮಾತನ್ನು ಅಧ್ಯಾಪಕರು ಇನ್ನೊಮ್ಮೆ ಓದಬೇಕೆಂದು ಕೋರುತ್ತೇನೆ. ಬಹರೈನಿನ ಬಾಗಿಲು ಎಲ್ಲಿದೆ ಎಂದು ನಾವು ಹುಡುಕುತ್ತಿದ್ದೆವು. ಅದು ಇಲ್ಲಿದೆ. ಶಿರೂರಿನಲ್ಲಿ, ಗಂಗೊಳ್ಳಿಯಲ್ಲಿ, ಕಂಡ್ಲೂರಿನಲ್ಲಿ, ಕೋಟದಲ್ಲಿ, ಬಾರ್ಕೂರಿನಲ್ಲಿ, ಮಾರ್ಚ್ ತಿಂಗಳ ಸೆಕೆಯಲ್ಲಿ ಗಣಿತದ ಪ್ರಶ್ನೆಪತ್ರಿಕೆಯ ಮುಂದೆ ಬೆವರುತ್ತ ಕುಳಿತ ಹುಡುಗನ ಮೇಜಿನ ಮೇಲೆ ಇದೆ. ಆ ದಿನ ಅವನು ಎರಡು ಅಂಕ ಕಡಿಮೆ ಪಡೆದರೆ, ಹತ್ತು ವರ್ಷಗಳ ಅನಂತರ ಅವನ ಪಾಸ್‌ಪೋರ್ಟಿನಲ್ಲಿ ಮೂರಕ್ಷರಗಳು ಮೂಡುತ್ತವೆ. ಅವನ ಉತ್ತರಪತ್ರಿಕೆಯನ್ನು ತಿದ್ದಿದ ಉಪಾಧ್ಯಾಯನಿಗೆ ತಾನೊಬ್ಬ ಗಡಿಯ ಅಧಿಕಾರಿಯೆಂಬ ಕಲ್ಪನೆಯೇ ಇರುವುದಿಲ್ಲ.

ಹಲವು ವರ್ಷ ಈ ಭಾಗದ ಹೈಸ್ಕೂಲುಗಳಲ್ಲಿ ಪಾಠ ಹೇಳಿದ ನನಗೆ ಈ ಸಂಗತಿ ಪುಸ್ತಕದಿಂದ ತಿಳಿದುದಲ್ಲ. ಶಾಲೆ ಬಿಟ್ಟು ಏಳೆಂಟು ವರ್ಷವಾದ ಒಬ್ಬ ಹಳೆಯ ವಿದ್ಯಾರ್ಥಿ ಒಂದು ದಿನ ನನ್ನಲ್ಲಿಗೆ ಬಂದು, ಉಳಿದುಹೋದ ಒಂದು ವಿಷಯವನ್ನು ಖಾಸಗಿಯಾಗಿ ಬರೆಯಬಹುದೇ ಎಂದು ವಿಚಾರಿಸಿದ. ಈಗೇಕೆ ಎಂದೆ. “ಅದ್ ಇಲ್ದಿರೆ ಪಾಸ್‌ಪೋರ್ಟಂಗೆ ಬೇರೆ ಮುದ್ರೆ ಹಾಕ್ತ್ರಂಬ್ರಲೆ, ಮಾಷ್ಟ್ರೆ” ಎಂದ. ಊರಿನ ಹೋಟೆಲುಗಳಲ್ಲಿ, ಅನಂತರ ಮುಂಬಯಿಯಲ್ಲಿ ದುಡಿದು ಅಡುಗೆಯಲ್ಲಿ ಪಳಗಿದ ಕೈ ಅವನದು. ನೂರು ಜನಕ್ಕೆ ಊಟ ಹಾಕಬಲ್ಲವನು ಆಗ ಬೀಜಗಣಿತದ ಪುಸ್ತಕ ಕೇಳಲು ಬಂದಿದ್ದ. ಅವನು ಓದಿದ, ಬರೆದ, ತೇರ್ಗಡೆಯೂ ಆದ. ಆದರೆ ಅವನು ಹೋದ ಬಳಿಕ ನಾನು ಯೋಚಿಸಿದ್ದು ಬೇರೆ: ಆ ಪರೀಕ್ಷೆಯಿಂದ ಅವನು ಗಳಿಸಿದ್ದು ರಕ್ಷಣೆಯನ್ನೋ, ರಕ್ಷಣೆಯಿಂದ ಬಿಡುಗಡೆಯನ್ನೋ?

ಈ ಪ್ರಶ್ನೆ ವಿಚಿತ್ರವಾಗಿ ತೋರಬಹುದು. ಸ್ವಲ್ಪ ಬಿಡಿಸಿ ನೋಡೋಣ. ವಲಸೆಯ ಪರೀಕ್ಷೆ ಹುಟ್ಟಿದ್ದು ಸದುದ್ದೇಶದಿಂದ. ಫಿಜಿ, ಮಾರಿಷಸ್‌ಗಳ ಕಬ್ಬಿನ ತೋಟಗಳಿಗೆ ನಮ್ಮ ಜನರನ್ನು ಕರಾರಿನ ಮೇಲೆ ಒಯ್ದು ಗುಲಾಮರಂತೆ ದುಡಿಸಿದ ಕಹಿ ಚರಿತ್ರೆಯ ಹಿನ್ನೆಲೆಯಲ್ಲಿ ೧೯೨೨ರ ವಲಸೆ ಕಾಯಿದೆ ಬಂತು. ೧೯೮೩ರ ಕಾಯಿದೆ ಅದರ ಉತ್ತರಾಧಿಕಾರಿ. ಇಂದು ಇ.ಸಿ.ಆರ್. ಪಾಸ್‌ಪೋರ್ಟಿನವನು ಕ್ರಮವಾಗಿ ದುಡಿಯಲು ಹೊರಟರೆ ಅವನ ಧಣಿಯ ವಿವರ, ಕರಾರಿನ ಷರತ್ತು, ಸಂಬಳ ಎಲ್ಲವೂ ಸರಕಾರದ ಇ-ಮೈಗ್ರೇಟ್ ದಾಖಲೆಗೆ ಬರಬೇಕು. ಅವನಿಗೆ ಹತ್ತು ಲಕ್ಷ ರೂಪಾಯಿಗಳ ಪ್ರವಾಸಿ ಭಾರತೀಯ ವಿಮೆ ಕಡ್ಡಾಯ. ಎರಡು ವರ್ಷಕ್ಕೆ ಅದರ ಕಂತು ೨೭೫ ರೂಪಾಯಿ. ನೋಂದಾಯಿತ ಏಜೆಂಟನು ಅವನಿಂದ ಮೂವತ್ತು ಸಾವಿರ ರೂಪಾಯಿ ಮತ್ತು ಅದರ ಮೇಲಿನ ತೆರಿಗೆಗಿಂತ ಹೆಚ್ಚು ವಸೂಲು ಮಾಡಕೂಡದು. ಇವು ಬೆಲೆಯುಳ್ಳ ರಕ್ಷಣೆಗಳು.

ಆದರೆ ಈ ಬೇಲಿಗೆ ಎರಡು ಕಡೆ ಕಿಂಡಿಗಳಿವೆ. ಮೊದಲನೆಯದು ಸಂದರ್ಶಕರ ವೀಸಾ. ಅನುಮತಿ ಬೇಕಾದುದು ದುಡಿಯಲು ಹೋಗುವವನಿಗೆ ಮಾತ್ರ. ನೋಡಲು ಹೋಗುವವನಿಗೆ ಬೇಡ. ಆದ್ದರಿಂದ ಕೈಬಿಟ್ಟ ಏಜೆಂಟನು ಹುಡುಗನನ್ನು ಪ್ರವಾಸಿಯ ವೇಷದಲ್ಲಿ ಕಳುಹಿಸುತ್ತಾನೆ. ಅಲ್ಲಿಗೆ ಹೋದ ಮೇಲೆ ಎಲ್ಲ ಸರಿಪಡಿಸುತ್ತೇವೆಂದು ಹೇಳುತ್ತಾನೆ. ಸಣ್ಣ ದೇಶ ಪ್ರವಾಸಿಗೆ ತೆರೆದಿಟ್ಟ ಆ ವಿಶಾಲವಾದ ಬಾಗಿಲೇ ಈಗ ದುಡಿಯುವವನಿಗೆ ಬೋನಾಗುತ್ತದೆ. ಅವನ ಕರಾರು ಎಲ್ಲಿಯೂ ದಾಖಲಾಗಿಲ್ಲ. ಸಂಬಳ ಸಿಗದಿದ್ದರೆ ದೂರು ಕೊಡಲು ಹೋದವನೇ ಮೊದಲ ಅಪರಾಧಿ. ಐರಿಷ್ ತರುಣರು ಬಾಸ್ಟನ್ನಿನಲ್ಲಿ ಅನುಭವಿಸಿದ್ದು ಇದನ್ನೇ. ಆದರೆ ಅವರಿಗಾಗಿ ಗಟ್ಟಿಯಾಗಿ ಮಾತನಾಡಬಲ್ಲ ಬಂಧುಗಳು ಆ ದೇಶದ ಶಾಸನಸಭೆಯಲ್ಲಿದ್ದರು. ಕೊಲ್ಲಿಯಲ್ಲಿ ನಮ್ಮವರಿಗೆ ಅಂತಹ ಬಂಧುಗಳಿಲ್ಲ. ಎಷ್ಟು ವರ್ಷ ದುಡಿದರೂ ಅಲ್ಲಿ ಮತ ಚಲಾಯಿಸುವ ಪ್ರಜೆಯಾಗುವುದು ಸಾಮಾನ್ಯ ಕಾರ್ಮಿಕನಿಗೆ ಬರಿಯ ಕನಸು.

ಎರಡನೆಯ ಕಿಂಡಿಯನ್ನು ನಾವು ಕಿಂಡಿಯೆಂದು ಕಾಣುವುದೇ ಇಲ್ಲ; ಗೌರವವೆಂದು ತಿಳಿದಿದ್ದೇವೆ. ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾದವನು ತನ್ನ ಹಿತವನ್ನು ತಾನೇ ನೋಡಿಕೊಳ್ಳಬಲ್ಲನೆಂದು ಕಾನೂನು ಭಾವಿಸುತ್ತದೆ. ಅವನಿಗೆ ಪರೀಕ್ಷೆ ಬೇಡ. ಆದ್ದರಿಂದ ಸಾಮಾನ್ಯವಾಗಿ ಅವನ ಕರಾರನ್ನೂ ಯಾರೂ ನೋಡುವುದಿಲ್ಲ, ವಿಮೆಯನ್ನೂ ಯಾರೂ ಒತ್ತಾಯಿಸುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ, ತೇರ್ಗಡೆಗೆ ಬೇಕಾದಷ್ಟೇ ಅಂಕ ಪಡೆದು ಹೊರಬಂದ ನಮ್ಮ ಹುಡುಗ ಅರಬ್ಬಿ, ಇಂಗ್ಲಿಷುಗಳೆರಡರಲ್ಲಿ ಅಚ್ಚಾದ ಕರಾರುಪತ್ರವನ್ನು ಓದಿ ಅರ್ಥಮಾಡಿಕೊಳ್ಳಬಲ್ಲನೆ? ತೇರ್ಗಡೆಯ ಅಂಕಕ್ಕೂ ಅದಕ್ಕಿಂತ ಎರಡು ಕಡಿಮೆ ಅಂಕಕ್ಕೂ ನಡುವೆ ಅಂತಹ ಲೋಕಜ್ಞಾನವೇನು ಅಡಗಿದೆ? ತೇರ್ಗಡೆಯಾಗದವನ ಪಾಸ್‌ಪೋರ್ಟಿಗೆ ಗುರುತು ಹಾಕಿ ಅವನನ್ನು ಕಾಯುತ್ತೇವೆ ಎನ್ನುತ್ತೇವೆ. ತೇರ್ಗಡೆಯಾದವನನ್ನು ಗುರುತಿಲ್ಲದೆ, ಕಾವಲೂ ಇಲ್ಲದೆ ಕಳುಹಿಸಿಕೊಡುತ್ತೇವೆ.

ಗುರುತಿನ ವಿಷಯದಲ್ಲಿಯೂ ಒಂದು ಮಾತು ಹೇಳಬೇಕಾಗಿದೆ. ೨೦೧೮ರ ಜನವರಿಯಲ್ಲಿ ಕೇಂದ್ರ ಸರಕಾರ ಇ.ಸಿ.ಆರ್. ವರ್ಗದವರಿಗೆ ಕಿತ್ತಳೆ ಬಣ್ಣದ ಪಾಸ್‌ಪೋರ್ಟು ಕೊಡುವುದಾಗಿ ಪ್ರಕಟಿಸಿತು. ಕಡಿಮೆ ಓದಿದವನು ಲೋಕದ ಪ್ರತಿಯೊಂದು ನಿಲ್ದಾಣದಲ್ಲಿಯೂ ತನ್ನ ಕೊರತೆಯನ್ನು ಕೈಯಲ್ಲಿ ಎತ್ತಿ ಹಿಡಿದು ನಿಲ್ಲಬೇಕೇ ಎಂದು ದೇಶದ ನಾನಾ ಕಡೆಗಳಿಂದ ಪ್ರತಿಭಟನೆ ಬಂತು. ಅದೇ ತಿಂಗಳು ಮುಗಿಯುವ ಮುನ್ನವೇ ಸರಕಾರ ಆ ಯೋಚನೆಯನ್ನು ಕೈಬಿಟ್ಟಿತು. ಒಳ್ಳೆಯದಾಯಿತು. ವಿದೇಶ ಪ್ರಯಾಣ ಸರಕಾರದ ಕೃಪೆಯಲ್ಲ, ಸಂವಿಧಾನದ ೨೧ನೆಯ ವಿಧಿಯಲ್ಲಿ ಸೇರಿದ ಹಕ್ಕು ಎಂದು ಸುಪ್ರೀಂ ಕೋರ್ಟು ೧೯೬೭ರಲ್ಲಿಯೇ ತೀರ್ಪಿತ್ತಿತ್ತು. ಪಾಸ್‌ಪೋರ್ಟು ಕೊಡಲು ಕ್ರಮಬದ್ಧವಾದ ಕಾಯಿದೆ ಆ ತೀರ್ಪಿನ ಬಳಿಕವೇ ಬಂ‌ತು. ಹಕ್ಕಿಗೆ ಎರಡು ಬಣ್ಣಗಳಿರಲಾಗದು. ಆದರೆ ಬಣ್ಣ ಹೋದ ಮಾತ್ರಕ್ಕೆ ಭೇದ ಹೋದಂತಾಗಲಿಲ್ಲ; ಒಳಪುಟದ ಅಕ್ಷರಗಳು ಅಲ್ಲಿಯೇ ಉಳಿದಿವೆ.

ಹಾಗಾದರೆ ಪರೀಕ್ಷೆಯನ್ನು ತೆಗೆದುಹಾಕಬೇಕೇ? ಹಾಗೆ ನಾನು ಹೇಳಲಾರೆ. ತೆಗೆದರೆ ಅತ್ಯಂತ ದುರ್ಬಲನಿಗಿರುವ ಅಲ್ಪಸ್ವಲ್ಪ ಆಸರೆಯೂ ಹೋಗುತ್ತದೆ. ರಕ್ಷಣೆಯನ್ನು ಅಂಕಪಟ್ಟಿಗೆ ಕಟ್ಟದೆ ಕೆಲಸಕ್ಕೆ ಕಟ್ಟಬೇಕೆಂಬುದು ನನ್ನ ಅಭಿಪ್ರಾಯ. ಹತ್ತು ಓದಿದವನಾಗಲಿ, ಓದದವನಾಗಲಿ, ಧಣಿಯ ಹೆಸರಿನ ವೀಸಾದಲ್ಲಿ ದುಡಿಯಲು ಹೊರಟ ಪ್ರತಿಯೊಬ್ಬನ ಕರಾರೂ ದಾಖಲಾಗಲಿ. ವಿಮೆ ಪ್ರತಿಯೊಬ್ಬನಿಗೂ ಇರಲಿ. ಪುಸ್ತಕದಲ್ಲಿ ಯಾವ ಗುರುತೂ ಇಲ್ಲದಿರಲಿ. ತಡೆಯುವ ಬಾಗಿಲಾಗಿರುವುದನ್ನು ಬರೆದಿಟ್ಟುಕೊಳ್ಳುವ ಬಾಗಿಲಾಗಿ ಮಾರ್ಪಡಿಸುವುದು ಅಸಾಧ್ಯವೇನಲ್ಲ.

ಕಾನೂನು ಬದಲಾಗುವ ತನಕ ನಾವು ಸುಮ್ಮನೆ ಕುಳಿತಿರಬೇಕಾಗಿಲ್ಲ. ಬಾಗಿಲು ನಮ್ಮ ಶಾಲೆಯಲ್ಲಿಯೇ ಇದೆಯೆಂದ ಮೇಲೆ ಅದನ್ನು ಕಾಯುವ ಕೆಲಸವೂ ಶಾಲೆಯಲ್ಲಿಯೇ ಆರಂಭವಾಗಬಹುದು. ಹತ್ತನೆಯ ತರಗತಿಯ ಕೊನೆಯ ತಿಂಗಳಲ್ಲಿ ಒಂದೆರಡು ಗಂಟೆ ಇದಕ್ಕಾಗಿ ಮೀಸಲಿಟ್ಟರೆ ಸಾಕು. ಒಂದು ಕರಾರುಪತ್ರದ ಮಾದರಿಯನ್ನು ಹಲಗೆಯ ಮೇಲೆ ಬರೆದು, ಸಂಬಳ, ಕೆಲಸದ ಅವಧಿ, ರಜೆ, ಮರಳುವ ಖರ್ಚು ಇವು ಎಲ್ಲಿವೆ ಎಂದು ಮಕ್ಕಳಿಂದಲೇ ಹುಡುಕಿಸಬಹುದು. ಏಜೆಂಟನ ನೋಂದಣಿ ಸಂಖ್ಯೆಯನ್ನು ಸರಕಾರದ ದಾಖಲೆಯಲ್ಲಿ ನೋಡಿ ತಾಳೆ ಹಾಕುವುದನ್ನು ಕಲಿಸಬಹುದು. ವೀಸಾದ ಮೇಲೆ ಸಂದರ್ಶನವೆಂದಿದೆಯೋ ಉದ್ಯೋಗವೆಂದಿದೆಯೋ ಎಂದು ಓದಿ ನೋಡಿದ ಹೊರತು ವಿಮಾನ ಹತ್ತಬಾರದೆಂದು ಹೇಳಬಹುದು. ಪಾಸ್‌ಪೋರ್ಟು ಧಣಿಯದೂ ಅಲ್ಲ, ಏಜೆಂಟನದೂ ಅಲ್ಲ, ಕಾಯಿದೆಯ ಪ್ರಕಾರ ಅದು ಎಂದೆಂದಿಗೂ ಭಾರತ ಸರಕಾರದ ಸ್ವತ್ತು, ಅದನ್ನು ಕಸಿದಿಟ್ಟುಕೊಳ್ಳಲು ಬೇರೆ ಯಾರಿಗೂ ಹಕ್ಕಿಲ್ಲ ಎಂಬ ಒಂದು ವಾಕ್ಯವನ್ನಾದರೂ ಬಾಯಿಪಾಠ ಮಾಡಿಸಬಹುದು. ಮನೆ ಬಿಡುವಾಗ ಪಾಸ್‌ಪೋರ್ಟು, ವೀಸಾ, ಕರಾರುಗಳ ಒಂದೊಂದು ಪ್ರತಿಯನ್ನು ತಾಯಿಯ ಪೆಟ್ಟಿಗೆಯಲ್ಲಿ ಇಟ್ಟು ಹೋಗುವುದು ಎಲ್ಲಕ್ಕಿಂತ ಸುಲಭವಾದ ಪಾಠ. ಕಷ್ಟಕಾಲದಲ್ಲಿ ರಾಯಭಾರ ಕಚೇರಿಗೆ ಬರೆಯುವವರ ಕೈಗೆ ಮೊದಲು ಬೇಕಾಗುವುದು ಅವೇ.

ಇದಕ್ಕೆ ಸರಕಾರದ ಸುತ್ತೋಲೆಯನ್ನಾಗಲಿ ಹೊಸ ಪಠ್ಯಪುಸ್ತಕವನ್ನಾಗಲಿ ಕಾಯಬೇಕಾಗಿಲ್ಲ. ಊರೂರಿನಲ್ಲಿ ಕೊಲ್ಲಿಯಿಂದ ಮರಳಿ ಬಂದು ನೆಲೆಸಿದವರಿದ್ದಾರೆ. ತಮ್ಮ ಕೈಸುಟ್ಟ ಕಥೆಯನ್ನೂ ಗೆದ್ದು ಬಂದ ಕಥೆಯನ್ನೂ ಹೇಳಲು ಅವರಿಗಿಂತ ಯೋಗ್ಯರಾದ ಗುರುಗಳು ಸಿಗಲಾರರು. ಒಂದು ಶನಿವಾರದ ಮಧ್ಯಾಹ್ನ ಅವರನ್ನು ಶಾಲೆಗೆ ಕರೆದು, ಮಕ್ಕಳ ಎದುರು ಕೂಡಿಸಿ ನೋಡಿರಿ. ಪರೀಕ್ಷೆಯಲ್ಲಿ ಗೆಲ್ಲುವ ಮಕ್ಕಳಿಗೂ ಸೋಲುವ ಮಕ್ಕಳಿಗೂ ಆ ಮಧ್ಯಾಹ್ನ ಸಮನಾಗಿ ಬೇಕಾಗಿದೆ.